ನರದ ಜಾಡು ಹಿಡಿದ ವೈದ್ಯ

ಮೊಣಕೈಯ ಒಳಮಗ್ಗುಲು ಬಾಗಿಲಿನ ಚೌಕಟ್ಟಿಗೋ ಬೆಂಚಿನ ಅಂಚಿಗೋ ತಗಲಿದಾಗ ಕಿರುಬೆರಳಿನ ತುದಿಯವರೆಗೆ ಮಿಂಚು ಹರಿದಂತಾಗುವ ಅನುಭವ ಯಾರಿಗೆ ತಾನೇ ಆಗಿಲ್ಲ? ಪೆಟ್ಟು ಬಿದ್ದದ್ದು ಮೊಣಕೈಗೆ. ಜುಮ್ಮೆಂದದ್ದು ಮಾತ್ರ ಕಿರುಬೆರಳು. ಇದು ಹೇಗೆ? ಮೊಣಕೈಯ ಆ ತಾವಿನಲ್ಲಿ ಒಂದು ನರವು ಎಲುಬಿಗೆ ಅಂಟಿಕೊಂಡಂತೆ, ಚರ್ಮದ ಕೆಳಗೇ ಹಾದುಹೋಗುತ್ತದೆ. ಅದು ಕಿರುಬೆರಳಿನ ಮತ್ತು ಉಂಗುರಬೆರಳಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ದಾರಿ. ದಾರಿಯ ನಡುವೆ ಎಲ್ಲಿ ಪೆಟ್ಟು ಬಿದ್ದರೂ ಸುದ್ದಿ ಬೆರಳಿನಿಂದಲೇ ಬಂದಿತೆಂದು ಮಿದುಳು ತಿಳಿಯುತ್ತದೆ. ನಮ್ಮ ಕಡೆ ರಕ್ತನಾಳವನ್ನೂ ನರವೆಂದೇ ಕರೆಯುವ ರೂಢಿಯುಂಟು. ಈ ಪಾಠದಲ್ಲಿ ನರವೆಂದರೆ ಸ್ಪರ್ಶ, ನೋವು, ಚಲನೆಗಳ ಸುದ್ದಿಯನ್ನು ಹೊತ್ತೊಯ್ಯುವ ತಂತುಗಳ ಕಟ್ಟು ಎಂದು ತಿಳಿಯಬೇಕು.

ಎಲ್ಲರೂ ಬಲ್ಲ ಈ ಸಣ್ಣ ಅನುಭವವನ್ನೇ ಆಧಾರವಾಗಿಟ್ಟುಕೊಂಡು, ಸಾವಿರಾರು ಗಾಯಾಳುಗಳ ಕೈಕಾಲುಗಳ ಭವಿಷ್ಯವನ್ನು ನಿರ್ಧರಿಸಲು ನೆರವಾದ ಒಂದು ಪರೀಕ್ಷೆಯನ್ನು ರೂಪಿಸಿದವನು ಫ್ರಾನ್ಸ್ ದೇಶದ ವೈದ್ಯ ಜೂಲ್ ಟಿನೆಲ್. ಆ ಪರೀಕ್ಷೆಗೆ ಬೇಕಾದ ಉಪಕರಣ ಒಂದೇ: ವೈದ್ಯನ ಬೆರಳು.

ತಟ್ಟಿ ನೋಡಿ ಒಳಗಿನದನ್ನು ತಿಳಿಯುವ ವಿದ್ಯೆ ನಮಗೆ ಹೊಸದಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಗಳು ಬೆರಳ ಗೆಣ್ಣಿನಿಂದ ಅದನ್ನು ಬಡಿದು, ನಾದ ಕೇಳಿ, ಬಿರುಕು ಇದೆಯೋ ಇಲ್ಲವೋ ಹೇಳಬಲ್ಲಳು. ಬೀದರ ನಗರದ ಬಳಿಯ ಅಷ್ಟೂರಿನಲ್ಲಿ ಬಹಮನೀ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿರುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅಂತಹ ಹಳೆಯ ಕಟ್ಟಡಗಳ ಗಾರೆಯನ್ನು ದುರಸ್ತಿ ಮಾಡುವ ಅನುಭವಸ್ಥನು ಮೊದಲು ಗೋಡೆಯನ್ನು ಮೆಲ್ಲನೆ ತಟ್ಟುತ್ತ ಹೋಗುತ್ತಾನೆ. ಗಟ್ಟಿಯಾದ ಗಾರೆಯ ಸದ್ದೇ ಬೇರೆ, ಗೋಡೆಯನ್ನು ಬಿಟ್ಟು ಟೊಳ್ಳಾದ ಗಾರೆಯ ಸದ್ದೇ ಬೇರೆ. ವೈದ್ಯರಲ್ಲಿ ಈ ಕ್ರಮವನ್ನು ಶಾಸ್ತ್ರೀಯವಾಗಿ ಬಳಕೆಗೆ ತಂದವನು ಆಸ್ಟ್ರಿಯಾದ ಔವೆನ್‌ಬ್ರುಗ್ಗರ್. ಎದೆಯನ್ನು ತಟ್ಟಿ ಒಳಗಿನ ರೋಗವನ್ನು ಅರಿಯುವ ಬಗೆಯನ್ನು ಅವನು 1761ರಲ್ಲಿ ಪ್ರಕಟಿಸಿದನು. ಆದರೆ ಗಡಿಗೆ, ಗೋಡೆ, ಎದೆ ಇವು ಸದ್ದು ಮಾಡುತ್ತವೆ. ಆ ಸದ್ದನ್ನು ತಟ್ಟಿದವನೇ ಕೇಳುತ್ತಾನೆ. ನರವನ್ನು ತಟ್ಟಿದರೆ ಸದ್ದಿಲ್ಲ. ಆಗುವ ಅನುಭವ ರೋಗಿಗೆ ಮಾತ್ರ ಗೊತ್ತು. ಅವನ ಮಾತನ್ನು ವೈದ್ಯನು ಎಷ್ಟರ ಮಟ್ಟಿಗೆ ನಂಬಬೇಕು? ಟಿನೆಲ್‌ನ ಮುಂದೆ ನಿಂತ ಪ್ರಶ್ನೆ ಇದೇ ಆಗಿದ್ದಿತು.

ಜೂಲ್ ಟಿನೆಲ್ 1879ರಲ್ಲಿ ಫ್ರಾನ್ಸಿನ ಉತ್ತರ ಭಾಗದಲ್ಲಿರುವ ರೂಆಂ ನಗರದಲ್ಲಿ ಜನಿಸಿದನು. ಅವನದು ತಲೆತಲಾಂತರದಿಂದ ವೈದ್ಯವೃತ್ತಿಯನ್ನು ನಡೆಸಿಕೊಂಡು ಬಂದ ಮನೆತನ. ಮಗನೂ ಅದೇ ದಾರಿ ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಹುಟ್ಟಿದೂರಿನಲ್ಲಿ ವೈದ್ಯಶಿಕ್ಷಣವನ್ನು ಆರಂಭಿಸಿ, ಮುಂದಿನ ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಹೋದನು. 1910ರಲ್ಲಿ ವೈದ್ಯಕೀಯ ಪ್ರಬಂಧವನ್ನು ಬರೆದು ಪದವಿಯನ್ನು ಪಡೆದನು. ಅಂದಿನ ಪ್ಯಾರಿಸು ನರರೋಗಶಾಸ್ತ್ರಕ್ಕೆ ತವರಾಗಿದ್ದಿತು. ದೇಜೆರೀನ್, ಬಾಬಿನ್‌ಸ್ಕಿ ಮೊದಲಾದ ಘನ ವಿದ್ವಾಂಸರು ಅಲ್ಲಿದ್ದರು. ದೇಜೆರೀನ್‌ನ ಬಳಿ ಟಿನೆಲ್ ಪಳಗಿದನು.

ಬಾಬಿನ್‌ಸ್ಕಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ರೋಗಿಯು ಬೇಕೆಂದರೂ ನಟಿಸಲಾರದ ಚಿಹ್ನೆಗಳನ್ನು ಹುಡುಕುವುದರಲ್ಲಿ ಅವನು ನಿಪುಣ. ಅಂಗಾಲನ್ನು ಮೊಂಡಾದ ವಸ್ತುವಿನಿಂದ ಗೀರಿದಾಗ ಆರೋಗ್ಯವಂತ ದೊಡ್ಡವರ ಹೆಬ್ಬೆರಳು ಕೆಳಕ್ಕೆ ಬಾಗುತ್ತದೆ. ಮಿದುಳಿನಿಂದಲೋ ಬೆನ್ನುಹುರಿಯಿಂದಲೋ ಬರುವ ಮುಖ್ಯಮಾರ್ಗ ಕೆಟ್ಟಿದ್ದರೆ ಮೇಲಕ್ಕೆ ಏಳುತ್ತದೆ. ಇದನ್ನು ಅವನು 1896ರಲ್ಲಿ ತೋರಿಸಿದನು. ರೋಗಿಯ ಬಾಯಿಂದ ಒಂದು ಮಾತೂ ಬೇಕಿಲ್ಲ. ಹೀಗೆ ನೋಡುವವನ ಅಥವಾ ಹೇಳುವವನ ಮನಸ್ಸಿಗೆ ತಕ್ಕಂತೆ ಬದಲಾಗದೆ, ಯಾರು ಪರೀಕ್ಷಿಸಿದರೂ ಒಂದೇ ಆಗಿ ಕಾಣುವ ಸಾಕ್ಷ್ಯವನ್ನು ವಸ್ತುನಿಷ್ಠ ಸಾಕ್ಷ್ಯವೆನ್ನುತ್ತೇವೆ. ಟಿನೆಲ್ ಬೆಳೆದದ್ದು ಇಂತಹ ಸಾಕ್ಷ್ಯಕ್ಕಾಗಿ ಹಂಬಲಿಸುತ್ತಿದ್ದ ಪರಿಸರದಲ್ಲಿ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಟಿನೆಲ್‌ನು ಸೈನ್ಯದ ವೈದ್ಯನಾಗಿ, ಲ ಮಾನ್ ಎಂಬ ಊರಿನಲ್ಲಿದ್ದ ನರಚಿಕಿತ್ಸಾ ಕೇಂದ್ರದ ಹೊಣೆಯನ್ನು ಹೊತ್ತನು. ಕಂದಕಗಳಲ್ಲಿ ಅಡಗಿ ಹೋರಾಡಿದ ಆ ಯುದ್ಧದಲ್ಲಿ ಗುಂಡುಗಳೂ ಸಿಡಿಮದ್ದಿನ ಚೂರುಗಳೂ ತೋಳು ತೊಡೆಗಳನ್ನು ಹರಿದು ಹಾಕುತ್ತಿದ್ದವು. ಗಾಯ ಮಾಯುತ್ತಿತ್ತು, ಎಲುಬು ಕೂಡುತ್ತಿತ್ತು, ಆದರೆ ಮುಂಗೈ ಜೋತುಬಿದ್ದೇ ಇರುತ್ತಿತ್ತು, ಬೆರಳುಗಳಿಗೆ ಬಿಸಿ ತಣುಪು ತಿಳಿಯುತ್ತಿರಲಿಲ್ಲ. ಒಳಗೆ ನರ ಕಡಿದಿತ್ತೋ, ಜಜ್ಜಿತ್ತೋ, ಮಾದ ಗಾಯದ ಗಂಟು ಅದನ್ನು ಬಿಗಿಯಾಗಿ ಅದುಮಿತ್ತೋ ಹೊರಗಿನಿಂದ ತಿಳಿಯುವ ಉಪಾಯವಿರಲಿಲ್ಲ.

ಕಡಿದ ನರದ ಗತಿಯೇನೆಂಬುದು ಆ ವೇಳೆಗೆ ತಿಳಿದ ವಿಷಯವೇ. ಇಂಗ್ಲೆಂಡಿನ ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನರಗಳನ್ನು ಕತ್ತರಿಸಿ ನೋಡಿ, ಕಡಿತದಿಂದ ಆಚೆಗಿರುವ ಭಾಗ ಕ್ರಮೇಣ ನಶಿಸುತ್ತದೆಂದು ತೋರಿಸಿದ್ದನು. ಮಿದುಳಿನ ಕಡೆಗಿರುವ ಭಾಗ ಉಳಿಯುತ್ತದೆ. ಕತ್ತರಿಸಿದ ಬೊಡ್ಡೆಯಿಂದ ಚಿಗುರೊಡೆಯುವಂತೆ ಅದರ ತುದಿಯಿಂದ ಹೊಸ ತಂತುಗಳು ಹೊರಡುತ್ತವೆ. ಹಳೆಯ ನರದ ಕವಚವೇ ಅವಕ್ಕೆ ಕಾಲುವೆ. ಆ ಕಾಲುವೆ ಸಿಕ್ಕಿದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತ ಕೊನೆಗೆ ಬೆರಳನ್ನು ಮುಟ್ಟುತ್ತವೆ. ಮಧ್ಯದಲ್ಲಿ ಗಾಯದ ಗಂಟು ಅಡ್ಡವಾದರೆ ಅಲ್ಲಿಯೇ ಸುತ್ತಿ ಸುತ್ತಿ ಉಂಡೆಯಾಗಿ ನಿಲ್ಲುತ್ತವೆ.

ಶಸ್ತ್ರವೈದ್ಯನ ಇಕ್ಕಟ್ಟನ್ನು ಈಗ ನೀವೇ ಊಹಿಸಿರಿ. ನರವು ತಾನಾಗಿ ಬೆಳೆಯುತ್ತಿದ್ದರೆ ಅದನ್ನು ಬಿಚ್ಚಿ ನೋಡುವುದೇ ಅಪಾಯ. ಚಿಗುರುತ್ತಿರುವುದನ್ನು ಕೈಯಾರೆ ಕತ್ತರಿಸಿದಂತಾಗುತ್ತದೆ. ತಡೆಯುಂಟಾಗಿದ್ದರೆ ಕಾಯುವುದು ಅಪಾಯ. ತಿಂಗಳುಗಳು ಉರುಳಿದಂತೆ ಸ್ನಾಯುಗಳು ಸೊರಗಿ, ಮುಂದೆ ನರವನ್ನು ಜೋಡಿಸಿದರೂ ಪ್ರಯೋಜನವಿಲ್ಲದಂತಾಗುತ್ತದೆ. ಮೊಣಕೈಯಿಂದ ಮೇಲೆ ಗಾಯವಾಗಿದ್ದರೆ ತಂತುಗಳು ಅಂಗೈಗೆ ತಲಪಲು ವರ್ಷವೇ ಬೇಕಾದೀತು. ಬೆರಳು ಅಲ್ಲಾಡುವವರೆಗೆ ಕಾದು ಕುಳಿತರೆ ಕಾಲ ಮೀರಿರುತ್ತದೆ. ಜೊತೆಗೆ ಇನ್ನೊಂದು ತೊಡಕು. ರಣರಂಗಕ್ಕೆ ಮರಳಲು ಹೆದರಿ ಕೈಗೆ ಸ್ಪರ್ಶವಿಲ್ಲವೆಂದು ಹೇಳುತ್ತಿರಬಹುದೆಂಬ ಸಂಶಯ ಸೈನಿಕರ ಮೇಲೆ ಬರುತ್ತಿತ್ತು. ಭಯಾನಕ ಅನುಭವಗಳಿಂದ ಮನಸ್ಸು ಘಾಸಿಗೊಂಡು, ನರಕ್ಕೆ ಯಾವ ಪೆಟ್ಟೂ ಇಲ್ಲದೆಯೇ ಕೈ ಬಿದ್ದುಹೋದವರೂ ಇದ್ದರು. ನಿಜವಾಗಿ ನೊಂದವನನ್ನು ಸುಳ್ಳುಗಾರನೆನ್ನುವುದಕ್ಕಿಂತ ದೊಡ್ಡ ಅನ್ಯಾಯ ಆಸ್ಪತ್ರೆಯಲ್ಲಿ ಬೇರೊಂದಿಲ್ಲ.

ಇಂತಹ ಗಾಯಾಳುಗಳನ್ನು ದಿನವೂ ಪರೀಕ್ಷಿಸುತ್ತಿದ್ದ ಟಿನೆಲ್ ಒಂದು ಸಂಗತಿಯನ್ನು ಗಮನಿಸಿದನು. ಗಾಯದ ತಾವಿನಲ್ಲಿ ನರವನ್ನು ಬೆರಳ ತುದಿಯಿಂದ ಮೆಲ್ಲನೆ ತಟ್ಟಿದಾಗ ಕೆಲವರಿಗೆ ನೋವಾಗುತ್ತಿತ್ತು. ಕೆಲವರಿಗೆ ನೋವಿಲ್ಲದೆ ಬರಿದೆ ಜುಮ್ಮೆನ್ನುತ್ತಿತ್ತು. ಇವೆರಡೂ ಒಂದೇ ಎಂದು ಹಿಂದಿನವರು ಬಗೆದಿದ್ದರು. ಟಿನೆಲ್ ಅವನ್ನು ಬೇರ್ಪಡಿಸಿದನು. ನೋವು ನರದ ಕೆರಳುವಿಕೆಯ ಗುರುತು. ಜುಮ್ಮೆನ್ನುವಿಕೆ ಎಳೆಯ ತಂತುಗಳು ಬೆಳೆಯುತ್ತಿರುವುದರ ಗುರುತು. ನೋವು ಸಾಮಾನ್ಯವಾಗಿ ತಟ್ಟಿದ ಎಡೆಯಲ್ಲೇ ಇರುತ್ತದೆ. ಜುಮ್ಮೆನ್ನುವಿಕೆಯಾದರೋ ಆ ನರವು ಹೋಗಿ ಹರಡಬೇಕಾದ ಚರ್ಮದ ಪ್ರದೇಶದಲ್ಲಿ, ದೂರದಲ್ಲಿ, ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಹೊರಟ ತಂತುಗಳಿಗೆ ಇನ್ನೂ ಪೂರ್ಣವಾದ ಹೊದಿಕೆ ಬಂದಿರುವುದಿಲ್ಲವಾದ್ದರಿಂದ ಹಗುರವಾದ ತಟ್ಟುವಿಕೆಗೂ ಅವು ಸ್ಪಂದಿಸುತ್ತವೆ.

ಫ್ರೆಂಚರು ಈ ಜುಮ್ಮೆನ್ನುವಿಕೆಯನ್ನು ಇರುವೆಯ ಹೆಸರಿನಿಂದ ಹುಟ್ಟಿದ ಪದದಿಂದಲೇ ಕರೆಯುತ್ತಾರೆ. ನಮ್ಮಲ್ಲಿಯೂ ಕಾಲು ಜೋಮು ಹಿಡಿದಾಗ ಇರುವೆ ಹರಿದಂತಾಗುತ್ತದೆ ಎನ್ನುವುದುಂಟಷ್ಟೆ. ಎಲ್ಲಿಯ ರೂಆಂ, ಎಲ್ಲಿಯ ಬೀದರ! ಮನುಷ್ಯನ ಚರ್ಮ ಎಲ್ಲೆಡೆಯೂ ಒಂದೇ ಉಪಮೆಯನ್ನು ಹುಡುಕಿಕೊಂಡಿದೆ.

ಗಾಯವಾದ ನಾಲ್ಕರಿಂದ ಆರು ವಾರಗಳಲ್ಲಿ ಈ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಮೊದಲು ಗಾಯದ ಬಳಿ ಮಾತ್ರ. ಕೆಲವು ವಾರಗಳ ಮೇಲೆ ಗಾಯಕ್ಕಿಂತ ಕೆಳಗೆ ತಟ್ಟಿದರೂ ಜುಮ್ಮೆನ್ನುತ್ತದೆ. ಇನ್ನೂ ಕೆಲವು ವಾರ ಕಳೆದರೆ ಮತ್ತೂ ಕೆಳಗೆ. ಹೀಗೆ ಕೆಳಮುಖವಾಗಿ ಸಾಗುತ್ತಿದ್ದರೆ ತಂತುಗಳು ಬೆಳೆಯುತ್ತಿವೆ, ಕತ್ತಿಯನ್ನು ಒಳಗಿಟ್ಟು ಕಾಯಬಹುದು. ಒಂದೇ ಎಡೆಯಲ್ಲಿ ಜುಮ್ಮೆನ್ನುತ್ತ ವಾರಗಳಾದರೂ ಕದಲದಿದ್ದರೆ ತಂತುಗಳು ಅಡ್ಡಿಗೆ ಸಿಕ್ಕಿ ಉಂಡೆಯಾಗಿವೆ, ಶಸ್ತ್ರಕ್ರಿಯೆ ನಡೆಯಬೇಕು. ಎಲ್ಲಿಯೂ ಜುಮ್ಮೆನ್ನದಿದ್ದರೆ ಬೆಳವಣಿಗೆ ತೊಡಗಿಯೇ ಇಲ್ಲ.

ಈ ಕ್ರಮದ ಹೆಚ್ಚಳವೇನೆಂಬುದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಒಂದು ಸಲ ತಟ್ಟಿದಾಗ ದೊರೆಯುವುದು ರೋಗಿಯ ಮಾತು ಮಾತ್ರ, ಅದು ವ್ಯಕ್ತಿನಿಷ್ಠ. ಆದರೆ ತಟ್ಟಿದುದು ತೋಳಿನಲ್ಲಿ, ಜುಮ್ಮೆಂದುದು ಹೆಬ್ಬೆರಳಿನ ಬೆನ್ನಿನಲ್ಲಿ ಎಂದು ಒಬ್ಬ ರೈತಯೋಧನು ಹೇಳಿದರೆ, ಆ ನರ ಅಲ್ಲಿಗೇ ಹೋಗುತ್ತದೆಂಬುದು ಅವನಿಗೆ ಗೊತ್ತಿರುವ ಸಂಭವವಿಲ್ಲ. ಶರೀರದ ನಕ್ಷೆಯನ್ನು ಬಲ್ಲವನು ವೈದ್ಯ. ಹೇಳಿಕೆಯೂ ನಕ್ಷೆಯೂ ಹೊಂದಿಕೊಂಡರೆ ಹೇಳಿಕೆಗೆ ಬಲ ಬರುತ್ತದೆ. ಇನ್ನು ಗಾಯದಿಂದ ಎಷ್ಟು ದೂರದವರೆಗೆ ಜುಮ್ಮೆನ್ನುತ್ತದೆಂಬುದನ್ನು ಅಳೆದು ತಾರೀಖಿನೊಡನೆ ಬರೆದಿಟ್ಟು, ತಿಂಗಳಾದ ಮೇಲೆ ಮತ್ತೆ ಅಳೆದರೆ, ಎರಡು ಅಳತೆಗಳ ನಡುವಿನ ಅಂತರವು ತಂತುಗಳ ಬೆಳವಣಿಗೆಯ ವೇಗಕ್ಕೆ ಸರಿಹೊಂದಬೇಕು. ಇದನ್ನು ನಟಿಸುವುದು ಯಾರಿಗೂ ಸುಲಭವಲ್ಲ. ರೋಗಿಯ ಮಾತನ್ನು ತಳ್ಳಿಹಾಕದೆ, ಅದನ್ನು ಕುರುಡಾಗಿ ನಂಬದೆ, ಅಳತೆಗೆ ಒಳಪಡಿಸುವ ದಾರಿ ಇದರಿಂದ ತೆರೆಯಿತು. ಟಿನೆಲ್‌ನ ಹಿರಿಮೆ ತಟ್ಟಿದುದರಲ್ಲಿ ಇಲ್ಲ, ಮತ್ತೆ ಮತ್ತೆ ತಟ್ಟಿ ಜಾಡು ಹಿಡಿದುದರಲ್ಲಿ ಇದೆಯೆಂದು ನನಗೆ ತೋರುತ್ತದೆ.

1915ರ ಅಕ್ಟೋಬರಿನಲ್ಲಿ ಅವನು ಈ ಸಂಗತಿಯನ್ನು ಪ್ಯಾರಿಸಿನ ಒಂದು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದನು. ವಿಚಿತ್ರವೆಂದರೆ ಅದೇ ವರ್ಷದ ಮಾರ್ಚಿಯಲ್ಲಿಯೇ ಜರ್ಮನಿಯ ಒಂದು ಪತ್ರಿಕೆಯಲ್ಲಿ ಇದೇ ಚಿಹ್ನೆಯ ವಿವರಣೆ ಬಂದಿದ್ದಿತು. ಬರೆದವನು ಪೌಲ್ ಹಾಫ್‌ಮನ್. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರಜ್ಞನಾದ ಅವನೂ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದನು. ಆದರೆ ಎದುರು ಪಕ್ಷದವರನ್ನು. ಹೊಲಿದ ನರ ಕೂಡಿಕೊಂಡಿತೇ ಇಲ್ಲವೇ ಎಂದು ತಿಳಿಯಲು ಅವನೂ ತಟ್ಟಿ ನೋಡುವ ಉಪಾಯವನ್ನೇ ಕಂಡುಕೊಂಡಿದ್ದನು. ಎರಡು ಸೈನ್ಯಗಳು ಒಂದರ ಯುವಕರನ್ನೊಂದು ಕೊಲ್ಲುತ್ತಿದ್ದ ಸಮಯದಲ್ಲಿ, ಗಡಿಯ ಈಚೆಗೊಬ್ಬ ಆಚೆಗೊಬ್ಬ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಬೇರೆ ಬೇರೆ ಸಮವಸ್ತ್ರದ ಗಾಯಾಳುಗಳ ಕೈ ಹಿಡಿದು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು. ಮುಂದೆ ವೈದ್ಯಗ್ರಂಥಗಳಲ್ಲಿ ಟಿನೆಲ್‌ನ ಹೆಸರೇ ಹೆಚ್ಚು ಬಳಕೆಗೆ ಬಂದಿತು. ನ್ಯಾಯವಾಗಿ ಇಬ್ಬರ ಹೆಸರನ್ನೂ ಜೋಡಿಸಿ ಹೇಳಬೇಕೆನ್ನುವವರೂ ಉಂಟು.

1916ರಲ್ಲಿ ಟಿನೆಲ್ ನರಗಳ ಗಾಯಗಳನ್ನು ಕುರಿತು ಒಂದು ಗ್ರಂಥವನ್ನು ಹೊರತಂದನು. ಗುರು ದೇಜೆರೀನ್ ಅದಕ್ಕೆ ಮುನ್ನುಡಿ ಬರೆದನು. ಗ್ರಂಥವು ಮರುವರ್ಷವೇ ಇಂಗ್ಲಿಷಿಗೆ ಅನುವಾದಗೊಂಡು ಮಿತ್ರರಾಷ್ಟ್ರಗಳ ಸೈನಿಕ ವೈದ್ಯರ ಕೈಪಿಡಿಯಾಯಿತು.

ಯುದ್ಧ ಮುಗಿದ ಮೇಲೆ ಅವನು ಪ್ಯಾರಿಸಿನ ಆಸ್ಪತ್ರೆಗಳಲ್ಲಿ ದುಡಿದನು. ಮೂತ್ರಪಿಂಡದ ಮೇಲಿರುವ ಗ್ರಂಥಿಯಲ್ಲಿ ಗಡ್ಡೆ ಬೆಳೆದಾಗ ರಕ್ತದ ಒತ್ತಡ ಇದ್ದಕ್ಕಿದ್ದಂತೆ ಏರುವುದನ್ನು 1922ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ವರದಿ ಮಾಡಿದನು. ಎದೆಬಡಿತ, ಬೆವರು, ಜೀರ್ಣಕ್ರಿಯೆಗಳನ್ನು ನಮ್ಮ ಇಚ್ಛೆಯ ಹಂಗಿಲ್ಲದೆ ನಡೆಸುವ ನರವ್ಯೂಹದ ಬಗ್ಗೆ 1937ರಲ್ಲಿ ದೊಡ್ಡ ಗ್ರಂಥವನ್ನು ಬರೆದನು.

ಎರಡನೆಯ ಮಹಾಯುದ್ಧ ಬಂದಿತು. 1940ರಲ್ಲಿ ಫ್ರಾನ್ಸ್ ಜರ್ಮನಿಯ ವಶವಾಯಿತು. ಅರುವತ್ತು ದಾಟಿದ್ದ ಟಿನೆಲ್ ಸುಮ್ಮನಿದ್ದಿದ್ದರೆ ಯಾರೂ ಅವನನ್ನು ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವನೂ ಅವನ ಮನೆಯವರೂ ಗುಪ್ತ ಪ್ರತಿರೋಧ ಚಳವಳಿಯಲ್ಲಿ ಸೇರಿದರು. ಶತ್ರುಗಳ ಕಣ್ಣು ತಪ್ಪಿಸಿ ಜನರನ್ನು ಸ್ಪೇನಿನ ಗಡಿ ದಾಟಿಸುವ ಕಾರ್ಯದಲ್ಲಿ ನೆರವಾದರು. ಸಿಕ್ಕಿಬಿದ್ದರೆ ಗತಿಯೇನೆಂಬುದು ಎಲ್ಲರಿಗೂ ತಿಳಿದಿತ್ತು. ಸಿಕ್ಕಿಬಿದ್ದರು. ಟಿನೆಲ್‌ನೂ ಅವನ ಪತ್ನಿಯೂ ಸೆರೆಮನೆಯನ್ನು ಕಂಡರು. ಮಗ ಜಾಕ್ ಟಿನೆಲ್ ವೈದ್ಯವಿದ್ಯಾರ್ಥಿಯಾಗಿದ್ದನು. ಅವನನ್ನು ಜರ್ಮನಿಯ ಡೋರಾ ಎಂಬ ಬಂದೀಖಾನೆಗೆ ಒಯ್ದರು. 1944ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು. ತಲೆಮಾರುಗಳಿಂದ ಬಂದ ವೃತ್ತಿಗೆ ಅಣಿಯಾಗುತ್ತಿದ್ದ ಮಗನನ್ನು ಕಳೆದುಕೊಂಡ ತಂದೆ ಮುಂದೆ ಎಂಟು ವರ್ಷ ಬದುಕಿ, 1952ರಲ್ಲಿ ಕಾಲವಾದನು.

ಟಿನೆಲ್‌ನ ಚಿಹ್ನೆಗೆ ಅವನು ನೆನೆಸದಿದ್ದ ಇನ್ನೊಂದು ಬಳಕೆ ಆಮೇಲೆ ಬಂದಿತು. ನರ ಕಡಿಯದಿದ್ದರೂ ಇಕ್ಕಟ್ಟಾದ ಎಡೆಯಲ್ಲಿ ಸಿಕ್ಕಿ ಅದುಮಿಹೋಗಬಹುದು. ಮಣಿಕಟ್ಟಿನಲ್ಲಿ ಎಲುಬುಗಳೂ ಗಟ್ಟಿಯಾದ ಒಂದು ಪಟ್ಟಿಯೂ ಸೇರಿ ಸುರಂಗವೊಂದನ್ನು ರಚಿಸುತ್ತವೆ. ಬೆರಳು ಮಡಿಸುವ ಒಂಬತ್ತು ಹುರಿಗಳೂ ಅವುಗಳೊಡನೆ ಒಂದು ನರವೂ ಅದರಲ್ಲಿ ತೂರಿಬರಬೇಕು. ಒಳಗೆ ಸ್ವಲ್ಪ ಊತ ಬಂದರೂ ಪೆಟ್ಟು ತಿನ್ನುವುದು ಮೆತ್ತಗಿನ ನರ. ದಿನವಿಡೀ ಉಳಿ ಹಿಡಿದು ಬಿದರಿ ಪಾತ್ರೆಗಳನ್ನು ಕೆತ್ತುವ ಕಸಬುದಾರರಿಗಾಗಲಿ, ಬಟ್ಟೆ ಹಿಂಡುವವರಿಗಾಗಲಿ, ಗರ್ಭಿಣಿಯರಿಗಾಗಲಿ ಇದು ಬರಬಹುದು. ನಡುರಾತ್ರಿ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಒದರಿದರೆ ಕೊಂಚ ಹಿತವೆನಿಸುತ್ತದೆ. ಅಮೆರಿಕದ ಜಾರ್ಜ್ ಫೇಲನ್ 1950ರ ದಶಕದಲ್ಲಿ ಈ ರೋಗವನ್ನು ಎಲ್ಲ ವೈದ್ಯರ ಗಮನಕ್ಕೆ ತಂದನು. ಮಣಿಕಟ್ಟನ್ನು ಮಡಿಸಿ ಒಂದು ನಿಮಿಷ ಹಿಡಿಯುವ ಪರೀಕ್ಷೆ ಅವನದು. ಜೊತೆಗೆ ಸುರಂಗದ ಮೇಲೆ ಟಿನೆಲ್‌ನಂತೆ ತಟ್ಟಿಯೂ ನೋಡುತ್ತಿದ್ದನು.

ಇಲ್ಲಿಯೇ ತೊಡಕು ಎದ್ದಿತು. ಎಷ್ಟು ಬಲವಾಗಿ ತಟ್ಟಬೇಕು? ಒಬ್ಬ ವೈದ್ಯನ ಬೆರಳು ಹೂವಿನಂತೆ, ಇನ್ನೊಬ್ಬನದು ಸುತ್ತಿಗೆಯಂತೆ. ಜೋರಾಗಿ ತಟ್ಟಿದರೆ ಆರೋಗ್ಯವಂತನ ನರವೂ ಜುಮ್ಮೆನ್ನುತ್ತದೆ. ಮೊಣಕೈಯ ಉದಾಹರಣೆ ನಿಮ್ಮ ಮುಂದಿದೆಯಲ್ಲ. ಆದ್ದರಿಂದಲೇ ಒಬ್ಬರ ಫಲಿತಾಂಶ ಇನ್ನೊಬ್ಬರದಕ್ಕೆ ಹೊಂದದೆ ಹೋಯಿತು. ಯುದ್ಧದ ಗಾಯಗಳಲ್ಲಿ ಚಿಹ್ನೆ ಮುಂದೆ ಸಾಗುವುದನ್ನು ಅಳೆಯಬಹುದಾಗಿತ್ತು. ಮಣಿಕಟ್ಟಿನ ಸುರಂಗದಲ್ಲಿ ಅದು ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಅಳೆಯಬೇಕಾದುದು ತಟ್ಟುವವನ ಕೈಯನ್ನು. ಬೆರಳಿಗೆ ಬದಲಾಗಿ ಒಂದೇ ಬಲದಿಂದ ಬೀಳುವ ಸುತ್ತಿಗೆಗಳನ್ನು ಕೆಲವರು ಪ್ರಯೋಗಿಸಿದರು. 1991ರಲ್ಲಿ ಅಮೆರಿಕದ ಡರ್ಕನ್ ಎಂಬ ವೈದ್ಯನು ತಟ್ಟುವುದನ್ನೇ ಬಿಟ್ಟು ಸುರಂಗವನ್ನು 30 ಸೆಕೆಂಡು ಒತ್ತಿಹಿಡಿಯುವ ಪರೀಕ್ಷೆಯನ್ನು ಸೂಚಿಸಿದನು. ಒತ್ತಡವನ್ನು ಅಳೆಯಲು ರಕ್ತದೊತ್ತಡದ ಮಾಪಕವನ್ನು ಜೋಡಿಸಿದ ರಬ್ಬರ್ ಚೆಂಡನ್ನೂ ಬಳಸಿದನು. ಅದಕ್ಕೂ ಮೊದಲೇ, 1956ರಲ್ಲಿ, ಬ್ರಿಟನ್ನಿನ ಸಿಂಪ್ಸನ್ ಎಂಬ ವೈದ್ಯನು ಅದುಮಿದ ನರದಲ್ಲಿ ವಿದ್ಯುತ್ ಸಂಜ್ಞೆಯು ಮಣಿಕಟ್ಟಿನ ಬಳಿ ನಿಧಾನವಾಗಿ ಸಾಗುವುದನ್ನು ಯಂತ್ರದಿಂದ ಅಳೆದು ತೋರಿಸಿದ್ದನು. ಇದರಲ್ಲಿ ರೋಗಿಯು ಏನನ್ನೂ ಹೇಳಬೇಕಾಗಿಲ್ಲ.

ಸ್ಪರ್ಶವನ್ನು ಅಳೆಯುವ ಪ್ರಯತ್ನ ಟಿನೆಲ್‌ಗಿಂತ ಹಳೆಯದು. ಜರ್ಮನಿಯ ವೇಬರ್ 1834ರಲ್ಲಿ ಕೈವಾರದ ಎರಡು ಮೊನೆಗಳನ್ನು ಚರ್ಮಕ್ಕೆ ಮುಟ್ಟಿಸಿ, ಎಷ್ಟು ಅಂತರವಿದ್ದಾಗ ಅವು ಎರಡೆಂದು ತಿಳಿಯುತ್ತವೆಂಬುದನ್ನು ಅಳೆದನು. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರು ಸಾಕು. ಬೆನ್ನಿನ ಮೇಲೆ ಕೆಲವು ಸೆಂಟಿಮೀಟರು ಬೇಕು. ಎರಡು ಮೊಂಡು ಕಡ್ಡಿಗಳಿಂದ ನೀವೂ ಗೆಳೆಯನ ಕಣ್ಣು ಮುಚ್ಚಿಸಿ ಇದನ್ನು ಮಾಡಿ ನೋಡಬಹುದು. ಹಾಫ್‌ಮನ್ ಇದ್ದ ವ್ಯೂರ್ಟ್ಸ್‌ಬುರ್ಗ್‌ನಲ್ಲಿಯೇ ಪ್ರಾಧ್ಯಾಪಕನಾಗಿದ್ದ ಮಾಕ್ಸ್ ಫಾನ್ ಫ್ರೈ ಇನ್ನೊಂದು ಜಾಣತನ ಮಾಡಿದ್ದನು. ಬೇರೆ ಬೇರೆ ದಪ್ಪದ ಕೂದಲುಗಳನ್ನು ಕಡ್ಡಿಯ ತುದಿಗೆ ಅಂಟಿಸಿ ಚರ್ಮಕ್ಕೆ ಒತ್ತಿದನು. ಕೂದಲು ಒಂದು ನಿಶ್ಚಿತ ಬಲಕ್ಕೆ ಬಾಗಿಬಿಡುತ್ತದೆ. ಆಮೇಲೆ ಕೈ ಎಷ್ಟು ಒತ್ತಿದರೂ ಚರ್ಮದ ಮೇಲಿನ ಭಾರ ಹೆಚ್ಚಾಗದು. ಪರೀಕ್ಷಕನ ಕೈ ಮೃದುವಾಗಲಿ ಒರಟಾಗಲಿ ಫಲ ಒಂದೇ. 1960ರಲ್ಲಿ ಅಮೆರಿಕದ ಸೆಮ್ಸ್ ಮತ್ತು ವೈನ್‌ಸ್ಟೈನ್ ಎಂಬವರು ಕೂದಲಿಗೆ ಬದಲು ನೈಲಾನ್ ಎಳೆಗಳನ್ನು ಬಳಕೆಗೆ ತಂದರು.

ಆ ನೈಲಾನ್ ಎಳೆಗಳು ನಮ್ಮ ದೇಶದ ಕುಷ್ಠರೋಗ ಚಿಕಿತ್ಸಾಲಯಗಳಿಗೂ ಬಂದವು. ಕುಷ್ಠದಲ್ಲಿ ಕೆಡುವುದು ಚರ್ಮವೊಂದೇ ಅಲ್ಲ. ಮೊಣಕೈಯ ಬಳಿಯ ಆ ನರವೇ ಊದಿಕೊಂಡು, ತನ್ನ ಹೊದಿಕೆಯೊಳಗೇ ಅದುಮಿಹೋಗುತ್ತದೆ. ಬೆರಳುಗಳಿಗೆ ಸ್ಪರ್ಶ ತಪ್ಪುತ್ತದೆ. ಬಿಸಿ ಹಂಚನ್ನು ಮುಟ್ಟಿದರೂ ತಿಳಿಯದೆ ಸುಟ್ಟ ಗಾಯವಾಗುತ್ತದೆ. ಸ್ಪರ್ಶ ಕುಗ್ಗುತ್ತಿರುವುದನ್ನು ವಾರಗಳೊಳಗೆ ಗುರುತಿಸಿ ಔಷಧ ಕೊಟ್ಟರೆ ಕೈಯನ್ನು ಉಳಿಸಬಹುದು. ತಡವಾದರೆ ಬೆರಳುಗಳು ಮಡಿಸಿಕೊಂಡೇ ನಿಲ್ಲುತ್ತವೆ. ಎಳೆಗಳು ದೊರೆಯದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು ಬಾಲ್‌ಪೆನ್ನಿನ ತುದಿಯಿಂದಲೇ ಈ ಪರೀಕ್ಷೆಯನ್ನು ನಡೆಸಿದ್ದಾರೆ. ರೋಗಿಯು ಕಣ್ಣು ಮುಚ್ಚಿ ಕುಳಿತು, ಮುಟ್ಟಿದ ಎಡೆಯನ್ನು ಬೆರಳಿನಿಂದ ತೋರಿಸಬೇಕು. ನಡುನಡುವೆ ಪರೀಕ್ಷಕನು ಎಲ್ಲಿಯೂ ಮುಟ್ಟದೆ ಸುಮ್ಮನಿದ್ದು, ಆಗಲೂ ರೋಗಿ ಕೈ ತೋರಿಸುತ್ತಾನೆಯೇ ಎಂದು ನೋಡುತ್ತಾನೆ. ಪ್ರತಿಯೊಂದು ಎಡೆಯ ಫಲವನ್ನೂ ಅಂಗೈಯ ನಕ್ಷೆಯಲ್ಲಿ ಗುರುತು ಹಾಕಿ, ತಾರೀಖು ಬರೆದು, ಮುಂದಿನ ಭೇಟಿಯಲ್ಲಿ ಹೋಲಿಸಲು ಕಡತದಲ್ಲಿ ಸೇರಿಸುತ್ತಾನೆ.